ಮೂವರ ಟ್ರ್ಯಾಕ್ಟರು, ಒಬ್ಬರ ಹೆಸರಿನ ಆರ್‌ಸಿ: ನಾವು ಕಾಗದ ಮಾಡಿಕೊಂಡ ಬಗೆ

ಮೂರು ಮನೆಯವರು ಸೇರಿ ಹಳೇ ಟ್ರ್ಯಾಕ್ಟರ್ ತಗೊಂಡರೆ ಮೂರನೇ ವರ್ಷಕ್ಕೆ ಜಗಳ ಪಂಚಾಯ್ತಿ ಕಟ್ಟೆ ಹತ್ತುತ್ತದೆ ಅಂತ ದಾವಣಗೆರೆ ಸುತ್ತಮುತ್ತ ಹೇಳದವರೇ ಇಲ್ಲ. ನಮ್ಮ ಗಾಡಿ ನಾಲ್ಕು ಮುಂಗಾರು ದಾಟಿದೆ, ಮೂವರೂ ಇನ್ನೂ ಒಟ್ಟಿಗೇ ಇದ್ದೇವೆ. ಎಂಜಿನ್ ಒಳ್ಳೇದು ಸಿಕ್ಕಿದ್ದು ಅದಕ್ಕೆ ಕಾರಣವಲ್ಲ. ಕಾಗದ ಗಟ್ಟಿ ಮಾಡಿಕೊಂಡಿದ್ದೇ ಕಾರಣ. ಎಂಜಿನ್ ನೋಡೋದು ಹೇಗೆ ಅಂತ ಇದನ್ನು ಓದುವವರಿಗೆ ನಾನು ಹೇಳಬೇಕಿಲ್ಲ, ಕಾಗದದ ಮಾತು ಮಾತ್ರ ಬರೆಯುತ್ತೇನೆ.

ಲೆಕ್ಕ ನೆನಪಿನಲ್ಲಿರುವಷ್ಟು: 45 ಎಚ್‌ಪಿ ಗಾಡಿ, ಆಗ ಎಂಟು ವರ್ಷ ಹಳೇದು, 3.90 ಲಕ್ಷ. ಟ್ರೈಲರ್ 85 ಸಾವಿರ, ಮಣ್ಣು ಪುಡಿ ಮಾಡುವ ರೋಟವೇಟರ್ 45 ಸಾವಿರ. ಒಟ್ಟು 5.20 ಲಕ್ಷ. ಪಾಲು 40, 30, 30. ಇದಕ್ಕೂ ಮೊದಲು ಮೂರು ಗಾಡಿ ಕೈತಪ್ಪಿದವು. ಮುಂಗಡದಲ್ಲಿ 15 ಸಾವಿರ ಹೋಯಿತು, ಓಡಾಟದ ಖರ್ಚು ಬೇರೆ.

ಮೊದಲನೇ ಗಾಡಿಯ ಆರ್‌ಸಿ, ಅಂದರೆ ನೋಂದಣಿ ಪತ್ರ, ನೋಡಲು ಚೊಕ್ಕವಾಗಿತ್ತು. ಆದರೆ ಮಾರುವವರು ಆರ್‌ಸಿಯಲ್ಲಿದ್ದವರಲ್ಲ. ಅವರ ಕೈಯಲ್ಲಿ ಇದ್ದದ್ದು ಸ್ಟಾಂಪ್ ಪೇಪರ್ ಮೇಲಿನ ಖರೀದಿ ಪತ್ರ, ಜೊತೆಗೆ ಹಳೇ ಮಾಲೀಕರು ಸಹಿ ಹಾಕಿಟ್ಟ, ಹೆಸರು ವರ್ಗಾವಣೆಗೆ ಬೇಕಾದ ಖಾಲಿ ಫಾರಂ 29 ಮತ್ತು 30. ಇಂಥ ಓಪನ್ ಫಾರಂ ನಂಬಿ ದುಡ್ಡು ಕೊಡಬೇಡಿ. ಸಹಿ ಆರ್‌ಟಿಒ ದಾಖಲೆಯ ಸಹಿಗೆ ಹೊಂದದಿದ್ದರೆ ಫೈಲು ವಾಪಸ್, ಆಮೇಲೆ ಹಳೇ ಮಾಲೀಕರನ್ನು ಹುಡುಕಿಕೊಂಡು ಊರೂರು ತಿರುಗಬೇಕು. ನಮ್ಮ 15 ಸಾವಿರ ಮುಳುಗಿದ್ದು ಇಲ್ಲೇ. ಅಂದಿನಿಂದ ನಿಯಮ ಒಂದೇ: ಆರ್‌ಸಿಯಲ್ಲಿ ಹೆಸರಿರುವ ಮನುಷ್ಯ ಆಧಾರ್ ಹಿಡಿದು ಎದುರು ಕೂತು ಸಹಿ ಹಾಕುವವರೆಗೆ ಮುಂಗಡವೂ ಇಲ್ಲ.

ಎರಡನೆಯದರಲ್ಲಿ ಆರ್‌ಸಿ ಮಾಲೀಕರು ತೀರಿಹೋಗಿದ್ದರು, ಮಗ ಮಾರುತ್ತಿದ್ದರು. ಹೀಗಿದ್ದಾಗ ಮೊದಲು ಫಾರಂ 31ರಲ್ಲಿ ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ 29, 30. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಮೂರೂ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬಿಟ್ಟು ತಂದ ಒಪ್ಪಿಗೆ ಪತ್ರ ಒಪ್ಪಿಗೆಯೇ ಅಲ್ಲ. ಮಾರುತ್ತಿದ್ದ ಮಗನಿಗೆ ಆ ಸಹಿ ಸಿಗಲಿಲ್ಲ, ನಾವು ಬಿಟ್ಟೆವು.

ಮೂರನೆಯದು ಕಲಿಸಿದ ಪಾಠ ದೊಡ್ಡದು. ಆನ್‌ಲೈನ್‌ನಲ್ಲಿ ಎಲ್ಲ ಸರಿ, ಚಾಸಿ ನಂಬರ್ ಸರಿ, ಎಂಜಿನ್ ನಂಬರ್ ಮಾತ್ರ ಬೇರೆ. ಎಂಜಿನ್ ಬಿಗಿದು ನಿಂತು ಸೀಜ್ ಆದಾಗ ಬೇರೆ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಿರಲಿಲ್ಲ. ನಾಳೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೊಂದೇ ಸಾಕು. ಆ ಬದಲಿ ಎಂಜಿನ್ನಿನ ಬಿಲ್ ಕೊಡಿ ಅಂದರೆ ಬಿಲ್ಲೇ ಇಲ್ಲ. ಯಾವ ಗಾಡಿಯಿಂದ ಬಿಚ್ಚಿದ ಎಂಜಿನ್ನೋ ಯಾರಿಗೆ ಗೊತ್ತು?

ಚಾಸಿ, ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್ (ಹಾಳೆ ಇಟ್ಟು ಉಜ್ಜಿ ತೆಗೆಯುವ ಅಚ್ಚು) ಎಲ್ಲರೂ ತೆಗೆಯುತ್ತಾರೆ, ಆದರೆ ಅವಸರದಲ್ಲಿ ತೆಗೆಯುತ್ತಾರೆ. ರಿವೆಟ್ ಹೊಡೆದ ಪ್ಲೇಟಿನ ನಂಬರ್ ಬೇಡ, ಕಬ್ಬಿಣದ ಮೇಲೇ ಒತ್ತಿದ ನಂಬರ್ ಬೇಕು. ಮೊದಲು ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿ. ತೆಳು ಬಿಳಿ ಹಾಳೆ ಇಟ್ಟು ಎರಡೂ ತುದಿಗೆ ಟೇಪ್ ಅಂಟಿಸಿ. ಪೆನ್ಸಿಲ್ ಮೊನೆಯಿಂದ ಗೀಚಬೇಡಿ, ಸೀಸವನ್ನು ಅಡ್ಡಡ್ಡ ಹಿಡಿದು ಒಂದೇ ದಿಕ್ಕಿಗೆ ಉಜ್ಜಿ. ನಂಬರ್ ಸುತ್ತಲಿನ ಜಾಗ ಉಳಿದ ಎರಕಕ್ಕಿಂತ ನುಣುಪಾಗಿದ್ದರೆ, ಅಕ್ಷರಗಳ ಆಳ ಒಂದೇ ಸಮ ಇಲ್ಲದಿದ್ದರೆ, ಒಂದು ಅಂಕಿ ಸಾಲು ಬಿಟ್ಟು ಮೇಲೆದ್ದಿದ್ದರೆ ಗ್ರೈಂಡರ್ ಹಿಡಿದು ಮತ್ತೆ ಪಂಚ್ ಮಾಡಿದ್ದಾರೆ ಅಂತಲೇ ತಿಳಿಯಿರಿ. ಅಲ್ಲಿಂದ ಎದ್ದು ಬನ್ನಿ, ಚೌಕಾಸಿಗೂ ಕೂರಬೇಡಿ. ನಾನು ಎರಡು ಪ್ರಿಂಟ್ ತೆಗೆಯುತ್ತೇನೆ: ಒಂದು ಫೈಲಿಗೆ, ಒಂದು ಕರಾರು ಪತ್ರದ ಹಿಂದೆ ಅಂಟಿಸಲು.

ಇನ್ನು ಸಾಲ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಫೈನಾನ್ಸ್ ಎಂಟ್ರಿ, ಅಂದರೆ ಗಾಡಿ ಮೇಲಿನ ಸಾಲದ ನಮೂದು, ನೋಡುವುದು ಎಲ್ಲರಿಗೂ ಗೊತ್ತು. ಸಾಲ ತೀರಿದ ಮಾತ್ರಕ್ಕೆ ಆ ಎಂಟ್ರಿ ತಾನಾಗಿ ಹೋಗುವುದಿಲ್ಲ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಸೀಲು ಬಿದ್ದ ಫಾರಂ 35 ಬೇಕು. ಎನ್‌ಒಸಿಯನ್ನು ಹಳೇದಾಗಲು ಬಿಡಬೇಡಿ, ತಂದ ವಾರದಲ್ಲೇ ಫೈಲು ಕೊಡಿ. ಹಳೇ ಆರ್‌ಸಿಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅಥವಾ ಸಿಂಡಿಕೇಟ್ ಬ್ಯಾಂಕ್ ಅಂತ ಇರುತ್ತದೆ. ಮೊದಲನೆಯದು 2017ರಲ್ಲಿ ಎಸ್‌ಬಿಐಗೆ, ಎರಡನೆಯದು 2020ರಲ್ಲಿ ಕೆನರಾಗೆ ಸೇರಿಹೋಗಿವೆ. ಆ ಸಾಲದ ಖಾತೆ ಈಗ ಯಾವ ಶಾಖೆಯಲ್ಲಿದೆಯೋ ಅಲ್ಲಿಂದಲೇ ಪತ್ರ ತರಬೇಕು.

ಪೋರ್ಟಲ್ ಒಂದನ್ನೇ ನಂಬದೆ ನಾನು ಮಾರುವವರ ಜಮೀನಿನ ಪಹಣಿಯನ್ನೂ ತೆಗೆಸುತ್ತೇನೆ. ಟ್ರ್ಯಾಕ್ಟರ್ ಸಾಲಕ್ಕೆ ಜಮೀನು ಅಡಮಾನ ಇಟ್ಟಿದ್ದರೆ ಅದು 11ನೇ ಕಾಲಂನಲ್ಲಿ ಕೂತಿರುತ್ತದೆ. ಒಂದು ಕಡೆ ಆರ್‌ಸಿಯಲ್ಲಿ ಏನೂ ಇರಲಿಲ್ಲ, 11ನೇ ಕಾಲಂನಲ್ಲಿ ಇತ್ತು. ಸರ್ವೆ ನಂಬರ್ ಕೇಳಿದ ಕೂಡಲೇ ಮಾರುವವರ ಮುಖದಲ್ಲೇ ಅರ್ಧ ಉತ್ತರ ಸಿಗುತ್ತದೆ. ದಲ್ಲಾಳಿಗೆ ಕೇಳುವ ಇನ್ನೊಂದು ಪ್ರಶ್ನೆ ನನ್ನ ಹತ್ತಿರ ಇದೆ. ಅದನ್ನು ಬರೆದರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಬಿಡುತ್ತೇನೆ.

ಟ್ರೈಲರ್‌ಗೆ ಬೇರೆ ನೋಂದಣಿ, ಬೇರೆ ಚಾಸಿ ನಂಬರ್, ಬೇರೆ ಆರ್‌ಸಿ. ಎಷ್ಟೋ ಜನ ಟ್ರ್ಯಾಕ್ಟರ್ ಮಾತ್ರ ಹೆಸರಿಗೆ ಮಾಡಿಸಿ ಟ್ರೈಲರ್ ಹಾಗೇ ಬಿಡುತ್ತಾರೆ. ವಿಮೆ ಪತ್ರದಲ್ಲೂ ಟ್ರೈಲರ್ ನಮೂದಾಗಿದೆಯೇ ನೋಡಿ. ಎಪಿಎಂಸಿಗೆ ಮೆಕ್ಕೆಜೋಳ ಹೇರಿಕೊಂಡು ಹೋಗುವ ದಾರಿಯಲ್ಲಿ ಏನಾದರೂ ಆದರೆ ಮೊದಲು ಕೇಳುವುದು ಅದನ್ನೇ.

ಈಗ ಜಂಟಿ ಹೆಸರಿನ ವಿಷಯ. ನಾವು ಮೊದಲು ಮೂವರ ಹೆಸರನ್ನೂ ಆರ್‌ಸಿಗೆ ಹಾಕಿಸಲು ಓಡಾಡಿ ಎರಡು ವಾರ ಕಳೆದೆವು. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಂ ಸ್ಪಷ್ಟವಾಗಿದೆ: ಹಲವರು ಮಾಲೀಕರಿದ್ದರೆ ಎಲ್ಲರ ಪರವಾಗಿ ಒಬ್ಬರು ಅರ್ಜಿ ಹಾಕಬೇಕು, ಕಾಯ್ದೆಯ ಕಣ್ಣಿಗೆ ಅವರೇ ಮಾಲೀಕರು. ಅಪಘಾತದ ಪರಿಹಾರ ಅವರ ತಲೆಗೇ ಬರುತ್ತದೆ. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ದೊಡ್ಡ ಪಾಲು ಯಾರದ್ದು ಅಂತ ನೋಡಿ ಹೆಸರು ಹಾಕಿಸಬೇಡಿ. ಚಾಲ್ತಿ ಲೈಸೆನ್ಸ್ ಇದ್ದು ಹೆಚ್ಚು ಹೊತ್ತು ಸ್ಟೀರಿಂಗ್ ಹಿಡಿಯುವವರ ಹೆಸರಿಗೆ ಮಾಡಿಸಿ. ವಿಮೆಯಲ್ಲಿ ಬರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ರಕ್ಷಣೆ ಆರ್‌ಸಿ ಹೆಸರಿನವರಿಗೆ ಮಾತ್ರ, ಅದೂ ಲೈಸೆನ್ಸ್ ಇದ್ದರೆ. ನಮ್ಮಲ್ಲಿ 30ರ ಪಾಲಿನವರೊಬ್ಬರ ಹೆಸರಿಗೇ ಆರ್‌ಸಿ ಇದೆ.

ಉಳಿದ ಇಬ್ಬರ ಹಕ್ಕು ನಿಲ್ಲುವುದು ದುಡ್ಡು ಹೋದ ದಾರಿಯಲ್ಲಿ ಮತ್ತು ಕರಾರಿನಲ್ಲಿ. ಮೂವರೂ ತಂತಮ್ಮ ಖಾತೆಯಿಂದ ನೇರವಾಗಿ ಮಾರುವವರ ಖಾತೆಗೆ ಹಾಕಿದೆವು. ಒಬ್ಬರ ಕೈಗೆ ಕೊಟ್ಟು ಅವರಿಂದ ಕೊಡಿಸಿದರೆ ನಾಳೆ ಅದು ಕೈಸಾಲ ಅನ್ನಿಸಿಕೊಳ್ಳುತ್ತದೆ. ಮಾರುವವರ ರಸೀದಿಯಲ್ಲೂ ಮೂರು ಹೆಸರು, ಮೂರು ಮೊತ್ತ. 50 ಸಾವಿರ ತಡೆಹಿಡಿದು, ಹೊಸ ಆರ್‌ಸಿ ಬಂದ ಮೇಲೆ ಕೊಟ್ಟೆವು.

500 ರೂಪಾಯಿ ಇ-ಸ್ಟಾಂಪ್ ಮೇಲೆ ಕರಾರು, ನೋಟರಿ, ಮೂರು ಪ್ರತಿ. ರೆಡಿಮೇಡ್ ನಮೂನೆಯಲ್ಲಿ ಇಲ್ಲದ, ನಾವು ಸೇರಿಸಿದ ಮಾತುಗಳು ಇವು: ಆರ್‌ಸಿ ಹೆಸರಿನವರು ಒಬ್ಬರೇ ಮಾರುವಂತಿಲ್ಲ, ಸಾಲಕ್ಕೆ ಇಡುವಂತಿಲ್ಲ. ವಿಮೆ ಕೊಡದ ಪರಿಹಾರ ಬಿದ್ದರೆ ಮೂವರೂ ಪಾಲಿನ ಪ್ರಕಾರ ಕಟ್ಟಬೇಕು. 5 ಸಾವಿರ ಮೀರಿದ ರಿಪೇರಿಗೆ ಮೂವರ ಒಪ್ಪಿಗೆ ಬೇಕು. ಯಾರಾದರೂ ಬಿಡುವುದಾದರೆ ಮೊದಲು ಉಳಿದಿಬ್ಬರಿಗೆ ಕೊಡಬೇಕು, ಬೆಲೆ ವರ್ಷಕ್ಕೆ ಶೇ 10 ಕಡಿಮೆ. ಒಬ್ಬರು ತೀರಿಕೊಂಡರೆ ಮನೆಯವರಿಗೆ ಆರು ತಿಂಗಳೊಳಗೆ ಪಾಲಿನ ದುಡ್ಡು ಸಲ್ಲಬೇಕು. ಮೂರೂ ಮನೆಯ ಹೆಣ್ಣುಮಕ್ಕಳಿಗೆ ಕರಾರನ್ನು ಓದಿ ಹೇಳಿ ಸಾಕ್ಷಿ ಸಹಿ ಹಾಕಿಸಿದೆವು. ಮೂಲ ಆರ್‌ಸಿ ಇನ್ನೊಬ್ಬ ಪಾಲುದಾರರ ಬೀರುವಿನಲ್ಲಿದೆ. ರಸ್ತೆಯಲ್ಲಿ ತೋರಿಸಲು ಡಿಜಿಲಾಕರ್ ಪ್ರತಿ ಸಾಕು. ಇದರ ಮೇಲೆ ಇನ್ನೊಂದು ಬೀಗವನ್ನೂ ಹಾಕಿದ್ದೇವೆ, ಅದು ನಮ್ಮಲ್ಲೇ ಇರಲಿ.

ಸೀಸನ್‌ನಲ್ಲಿ ಯಾರಿಗೆ ಮೊದಲು ಅನ್ನುವುದಕ್ಕೆ ಕರಾರು ಸಾಲಲಿಲ್ಲ, ಲೆಕ್ಕ ಬೇಕಾಯಿತು. ಮೊದಲ ವರ್ಷ ಅವರ್ ಮೀಟರ್ (ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್) ನೋಡಿ ಹಂಚಿದೆವು, ತಪ್ಪಾಯಿತು. ನಮ್ಮ ಗಾಡಿಯ ಮೀಟರ್ ಎಂಜಿನ್ ಸುತ್ತಿನ ಲೆಕ್ಕದಲ್ಲಿ ಓಡುವಂಥದ್ದು. ಗಡಿಯಾರ ಹಿಡಿದು ಐಡ್ಲಿಂಗ್‌ನಲ್ಲಿ ಬಿಟ್ಟು ನೋಡಿದರೆ ಒಂದು ಗಂಟೆಗೆ ಮೀಟರ್‌ನಲ್ಲಿ ಅರ್ಧ ಗಂಟೆಯೂ ಏರಲಿಲ್ಲ. ಅದೇ ರೋಟವೇಟರ್ ಹೊಡೆದರೆ ಗಂಟೆಗೆ ಗಂಟೆ, ಡೀಸೆಲ್ಲೂ ಐದಾರು ಲೀಟರ್. ಈಗ ಟ್ಯಾಂಕ್ ತುಂಬಿಸಿ ಒಯ್ಯುವುದು, ತುಂಬಿಸಿ ತಂದು ನಿಲ್ಲಿಸುವುದು. ಸವಕಳಿಗೆ ಅಂತ ಪ್ರತಿ ಲೀಟರ್ ಡೀಸೆಲ್‌ಗೆ 40 ರೂಪಾಯಿ ಜಂಟಿ ಖಾತೆಗೆ ಹಾಕುತ್ತೇವೆ. ಟೈರು, ಕ್ಲಚ್ ಪ್ಲೇಟು ಎರಡೂ ಆ ದುಡ್ಡಿನಲ್ಲೇ ಬಂದವು.

ಹೆಸರು ವರ್ಗಾವಣೆಗೆ ಏಜೆಂಟ್ ಕೇಳಿದ್ದು 7 ಸಾವಿರ. ನಾವೇ ಹೋದದ್ದಕ್ಕೆ ಎರಡೂ ಆರ್‌ಸಿ ಸೇರಿ ಎರಡೂವರೆ ಸಾವಿರದ ಆಸುಪಾಸು ಆಯಿತು, ಮೂರು ದಿನದ ಓಡಾಟ. ಕೊಂಡವರು ಅರ್ಜಿ ಹಾಕಲು 30 ದಿನ ಇದೆ, ಆದರೆ ವಿಮೆ ಹೆಸರಿಗೆ ಮಾಡಿಸಲು 14 ದಿನ ಮಾತ್ರ. ಹೆಚ್ಚಿನವರು ಆರ್‌ಸಿ ಬರಲಿ ಅಂತ ಕಾದು ಈ 14 ದಿನ ಕಳೆದುಕೊಳ್ಳುತ್ತಾರೆ. ಫಾರಂ ಸಲ್ಲಿಸಿದ ರಸೀದಿ ಹಿಡಿದು ಅದೇ ದಿನ ವಿಮೆ ಕಚೇರಿಗೆ ಹೋಗಿ. ಮಾರುವವರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ್ದಕ್ಕೆ ವಿಮೆಯಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಬೆಲೆ ಮಾತಾಡುವಾಗಲೇ ಅದನ್ನು ಕಳೆಯಿರಿ.