ಡಬ್ಬಿ, ಕಡ್ಡಿ ಮತ್ತು ಕಾಣೆಯಾದ 20 ಚೀಲ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಚೀಲದ ಲೆಕ್ಕದ ಜಾವಾ ಪ್ರೋಗ್ರಾಂ ಬರೆದೆ. ಡಬ್ಬಿ, ಕಡ್ಡಿ ಅಂದರೆ ಅಲ್ಲಿನ ಮೆಣಸಿನಕಾಯಿಯ ಎರಡು ಬಗೆ. ಸೋಮವಾರ, ಗುರುವಾರ ಪೇಟೆ. ಪರದೆಯ ಮೇಲಿನ ಒಟ್ಟು ಮೊತ್ತ ಆಗಾಗ 20 ಚೀಲ ಕಡಿಮೆ ಬರುತ್ತಿತ್ತು, ಕ್ಷಣದಲ್ಲಿ ಸರಿಯಾಗುತ್ತಿತ್ತು. ಸಾವ್ಕಾರರು ಕೊನೆಯ ಕಂತು, ಸುಮಾರು 18 ಸಾವಿರ, ತಡೆಹಿಡಿದರು.

ಒಂದೊಂದು ಬಗೆಯ ಚೀಲದ ಎಣಿಕೆ ಅರೇಯ, ಅಂದರೆ ಸಾಲು ಮನೆಗಳ, ಒಂದೊಂದು ಮನೆಯಲ್ಲಿ. ಮೊದಲು ಬರೀ ವೊಲಟೈಲ್ ಅರೇ ಇತ್ತು. ವೊಲಟೈಲ್ ಅಂದರೆ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳಲ್ಲಿ ಒಂದು) ಬರೆದದ್ದು ಉಳಿದವಕ್ಕೂ ಕಾಣುತ್ತದೆ ಅನ್ನೋ ಭರವಸೆ. ಅದರಲ್ಲಿ ವೊಲಟೈಲ್ ಆಗೋದು ಅರೇಯ ರೆಫರೆನ್ಸ್ (ಅರೇ ಎಲ್ಲಿದೆ ಅನ್ನೋ ವಿಳಾಸ) ಮಾತ್ರ, ಒಳಗಿನ ಮನೆಗಳಲ್ಲ. ಒಂದೊಂದು ಮನೆಗೂ ಆ ಭರವಸೆ ಕೊಡುವ ಅಟಾಮಿಕ್ ಲಾಂಗ್ ಅರೇಗೆ ಬದಲಾದೆ. ಹಳೆಯ ಅರೇಯನ್ನೇ ಅದಕ್ಕೆ ಕೊಟ್ಟಿದ್ದೆ. ಅದು ನಕಲು ಮಾಡಿಕೊಳ್ಳುತ್ತದೆ, ಬರೆಯುವ ಥ್ರೆಡ್‌ಗಳು ಹಳೆಯದರಲ್ಲೇ ಬರೆಯುತ್ತಿದ್ದವು. ಒಂದು ದಿನ ಪೂರ್ತಿ ಹಾಳಾಯಿತು.

ಆದರೂ 20 ಚೀಲ ಕಾಣೆ. ಕಾರಣ ಸಿಕ್ಕಿದ್ದು ಕಾಟಾದ ಹತ್ತಿರ ನಿಂತಾಗ. ಡಬ್ಬಿ ಅಂತ ಬರೆದ ಲಾಟನ್ನು ಕಡ್ಡಿಗೆ ಬದಲಿಸುತ್ತಾರೆ. ಡಬ್ಬಿಯ ಮನೆಯಿಂದ 20 ಕಳೆ, ಕಡ್ಡಿಯ ಮನೆಗೆ 20 ಕೂಡು. ಒಂದೊಂದು ಗೆಟ್ (ಒಂದು ಮನೆ ಓದೋದು) ಸರಿಯೇ, ಆದರೆ ಈ ಎರಡರ ನಡುವೆ ಮೊತ್ತ ಓದಿದರೆ ಚೀಲ ಎಲ್ಲೂ ಇಲ್ಲ!

"ಸುಮ್ನ ಒಂದು ಲಾಕ್ ಹಾಕಿ ಬಿಡ್ರಿ ಸರ್, ಲಾಕ್ ಇಲ್ದ ಇದು ಆಗೂದಿಲ್ಲ" ಅಂದ ಜೊತೆಗಾರ. ಲಾಕ್ ಅಂದರೆ ಒಬ್ಬರ ಕೆಲಸ ಮುಗಿಯುವ ತನಕ ಉಳಿದವರು ಕಾಯಬೇಕು. ಲಾಕ್ ಹಾಕಿಯೂ ನೋಡಿದೆ, ಲೆಕ್ಕ ಸರಿ ಬಂತು. ಆದರೆ ತೂಕದ ಎಂಟ್ರಿ ಪರದೆಗಾಗಿ ಕಾಯಬಾರದು ಅನ್ನೋದು ನನ್ನ ಹಠ.

ಎರಡು ಎಣಿಕೆ ಇಟ್ಟೆ: ಬದಲಾವಣೆ ಶುರುವಾದದ್ದು, ಮುಗಿದದ್ದು. ಓದುವವನು ಎರಡನ್ನೂ ನೋಡಿ, ಒಂದೇ ಇದ್ದರೆ ಮೊತ್ತ ಒಪ್ಪಿಕೊಳ್ಳುತ್ತಾನೆ, ಇಲ್ಲದಿದ್ದರೆ ಮತ್ತೆ ಓದುತ್ತಾನೆ. ಆಗಲೂ ತಪ್ಪಿತು! ನಾನು "ಶುರು" ಮೊದಲು ಓದಿ, ಮೊತ್ತ ಕೂಡಿಸಿ, ಕೊನೆಗೆ "ಮುಗಿದದ್ದು" ಓದುತ್ತಿದ್ದೆ. ಅರ್ಧದಲ್ಲಿದ್ದ ಬದಲಾವಣೆ ಅಷ್ಟರಲ್ಲಿ ಮುಗಿದು, ಎರಡೂ ಸಮವಾಗಿ ಕಾಣುತ್ತಿದ್ದವು. ಮೂರು ರಾತ್ರಿ ಹೋಯಿತು. ಕ್ರಮ ತಿರುಗಿಸಿದೆ: ಮೊದಲು "ಮುಗಿದದ್ದು", ಆಮೇಲೆ ಮನೆಗಳು, ಕೊನೆಗೆ "ಶುರು". ಈಗ ಸಮ ಬಂದರೆ ನಡುವೆ ಯಾರೂ ಕೈ ಹಾಕಿಲ್ಲ ಅಂತಲೇ ಅರ್ಥ. ಚೀಲ ಸುಮ್ನೆ ಸೇರಿಸುವಾಗ ಈ ಎಣಿಕೆ ಬೇಡ, ಮನೆ ಬದಲಾದಾಗ ಮಾತ್ರ.

ನಡುವೆ ಗೆಟ್ ಬದಲು ಜಾವಾ 9ರ ಗೆಟ್‌ಪ್ಲೇನ್ (ವೊಲಟೈಲ್ ಭರವಸೆ ಇಲ್ಲದ ಸಾದಾ ಓದು) ಹಾಕಿ ನೋಡಿದೆ. ಸ್ವಲ್ಪ ವೇಗ ಸಿಕ್ಕಿತು, ಆದರೆ ಓದುವ ಕ್ರಮದ ಭರವಸೆಯೇ ಇರೋದಿಲ್ಲ. ತೆಗೆದುಬಿಟ್ಟೆ. ಇಲ್ಲಿ ಕ್ರಮವೇ ಜೀವ, ಅಲ್ವಾ?

ಪದೇ ಪದೇ ಸಮ ಬಾರದಿದ್ದರೆ ಪರದೆಗೆ ಏನು ತೋರಿಸಬೇಕು? ಅದಕ್ಕೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯೋದಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಒಂದು ಕೋಟಿಯಷ್ಟು ಬದಲಾವಣೆ ಓಡಿಸಿದೆ, ಒಂದು ಚೀಲವೂ ತಪ್ಪಲಿಲ್ಲ. 18 ಸಾವಿರವೂ ಬಂತು. ಲಾಕ್ ಹಾಕು ಅಂದ ಅದೇ ಜೊತೆಗಾರ ಈಗ ಗದಗಿನ ಉಳ್ಳಾಗಡ್ಡಿ ಲೆಕ್ಕಕ್ಕೆ ನನ್ನ ಕೋಡ್ ಕೇಳಿದ್ದಾನೆ.