ಬ್ರೇಕ್ ಲೈಟ್ ಸ್ವಿಚ್ಚಿಗೆ ಹಳೇ ಎಟಿಎಂ ಕಾರ್ಡಿನ ಅಳತೆ

ಬ್ರೇಕ್ ಲೈಟ್ ಹತ್ತುತ್ತಿಲ್ಲ ಅಂದ ತಕ್ಷಣ ಅಂಗಡಿಗೆ ಓಡಿ ಸ್ವಿಚ್ಚು ತರುವುದನ್ನು ಮೊದಲು ನಿಲ್ಲಿಸಿ. ಈಗಿನ ಮಕ್ಕಳು ಮಾಡುವುದೇ ಅದು. ಹೊಸದನ್ನು ತಂದು ಅಂದಾಜಿಗೆ ತಿರುಪುತ್ತಾರೆ, ಲೈಟು ಹತ್ತಿತು ಅಂತ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಚಕ್ರ ಮುಟ್ಟಿದರೆ ಕಾದ ಹೆಂಚು. ಆಮೇಲೆ ಡೂಪ್ಲಿಕೇಟ್ ಕೊಟ್ಟ ಅಂತ ಅಂಗಡಿಯವನನ್ನು ಬೈಯುವುದು. ಸ್ವಿಚ್ಚಿನ ತಪ್ಪು ಅಲ್ಲವೇ ಅಲ್ಲ, ಕೂರಿಸಿದ್ದೇ ಸರಿಯಿಲ್ಲ.

ಈ ಸ್ವಿಚ್ಚು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ. ಬಾಗಿಲು ಮುಚ್ಚಿದ್ದಾಗ ಒಳಗಿನ ಗುಂಡಿ ಒತ್ತಿಕೊಂಡಿರುತ್ತದೆ, ದೀಪ ಆರಿರುತ್ತದೆ. ತೆಗೆದರೆ ಗುಂಡಿ ಹೊರಗೆ ಬರುತ್ತದೆ, ದೀಪ ಹತ್ತುತ್ತದೆ. ಕಾರಿನಲ್ಲೂ ಹಾಗೇ. ಬ್ರೇಕ್ ಪೆಡಲು ತನ್ನ ಜಾಗದಲ್ಲಿ ಇರುವಷ್ಟು ಹೊತ್ತೂ ಅದರ ತೋಳು ಸ್ವಿಚ್ಚಿನ ಪಿನ್ನನ್ನು ಒತ್ತಿ ಹಿಡಿದಿರುತ್ತದೆ. ಕಾಲಿಟ್ಟ ಕೂಡಲೇ ತೋಳು ದೂರ ಸರಿದು ಪಿನ್ನು ಹೊರಬಂದು ಹಿಂದಿನ ದೀಪ ಹತ್ತುತ್ತದೆ. ಅಂಬಾಸಿಡರ್ ಕಾಲದಲ್ಲಿ ಹೀಗಿರಲಿಲ್ಲ. ಬ್ರೇಕ್ ಪೈಪಿನಲ್ಲೇ ಸ್ವಿಚ್ಚು ಇರುತ್ತಿತ್ತು, ಎಣ್ಣೆಯ ಒತ್ತಡಕ್ಕೆ ಹತ್ತುತ್ತಿತ್ತು. ಅದನ್ನು ಬಿಚ್ಚಿದರೆ ಎಣ್ಣೆ ಸೋರಿ ಗಾಳಿ ಸೇರಿಕೊಳ್ಳುತ್ತಿತ್ತು, ಬ್ಲೀಡಿಂಗ್ ಮಾಡದೆ, ಅಂದರೆ ಆ ಗಾಳಿಯನ್ನು ಹೊರಗೆ ಹಾಕದೆ, ಗಾಡಿ ತೆಗೆಯುವ ಹಾಗೇ ಇರಲಿಲ್ಲ. ಈಗ ಅಷ್ಟು ಸುಲಭವಾಗಿದೆ, ಆದರೂ ಕೆಡಿಸುತ್ತಾರೆ.

ಮೊದಲು ಎಷ್ಟು ದೀಪ ಹತ್ತುತ್ತಿಲ್ಲ ಅಂತ ಎಣಿಸಿ. ಒಂದೇ ಕಡೆ ಹೋಗಿದ್ದರೆ ಅದು ಬಲ್ಬು ಅಥವಾ ಹೋಲ್ಡರು, ಸ್ವಿಚ್ಚಲ್ಲ. ಒಳಗೆ ಎರಡು ತಂತಿ (ಫಿಲಮೆಂಟ್) ಇರುವ ಬಲ್ಬಿನ ಬುಡದಲ್ಲಿ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಉಲ್ಟಾ ಹಿಡಿದು ಬಲವಂತ ಮಾಡಿದರೆ ಹೋಲ್ಡರೇ ಹಾಳು. ಬ್ರೇಕ್ ಒತ್ತಿದಾಗ ಸಂಬಂಧವೇ ಇಲ್ಲದ ದೀಪವೂ ಮಂಕಾಗಿ ಹತ್ತಿದರೆ ಅರ್ತ್ ತಂತಿ ತುಕ್ಕು ಹಿಡಿದಿದೆ ಅಂತ ಲೆಕ್ಕ. ಎಡ, ಬಲ, ಗಾಜಿನ ಮೇಲಿನ ನಡುದೀಪ ಮೂರೂ ಒಟ್ಟಿಗೆ ಆರಿದ್ದರೆ ಮಾತ್ರ ಮುಂದಿನ ಮಾತು. ಆಗಲೂ ಮೊದಲು ಫ್ಯೂಸು. ಕೆಲವು ಗಾಡಿಗಳಲ್ಲಿ ಹಾರ್ನಿಗೂ ಬ್ರೇಕ್ ಲೈಟಿಗೂ ಒಂದೇ ಫ್ಯೂಸು, ಹಾಗಾಗಿ ಹಾರ್ನ್ ಒಮ್ಮೆ ಹೊಡೆದು ನೋಡಿ. ಅದೂ ಸುಮ್ಮನಿದ್ದರೆ ಪೆಡಲಿನ ಕೆಳಗೆ ತಲೆ ಹಾಕುವ ಕಷ್ಟವೇ ಇಲ್ಲ. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನದು ಹಾಕಿ. 10ರ ಜಾಗಕ್ಕೆ 20 ಹಾಕುವ ಬುದ್ಧಿ ಬೇಡ, ವೈರಿಂಗ್ ಬೇಯುತ್ತದೆ.

ಇನ್ನೊಂದು ಕಾಯಿಲೆ ಇದರ ತದ್ವಿರುದ್ಧ. ಬ್ರೇಕಿನಿಂದ ಕಾಲು ತೆಗೆದರೂ ದೀಪ ಆರುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಕೀ ತೆಗೆದರೂ ಬ್ರೇಕ್ ಲೈಟಿಗೆ ಕರೆಂಟು ಇದ್ದೇ ಇರುತ್ತದೆ. 21 ವ್ಯಾಟಿನ ಎರಡು ಬಲ್ಬು ಅಂದರೆ 42 ವ್ಯಾಟು, 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರು. 35 ಆಂಪಿಯರ್ ಅವರ್‌ನ ಬ್ಯಾಟರಿ ಹತ್ತು ಗಂಟೆಯಲ್ಲಿ ಬರಿದು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ತಳ್ಳುವುದೇ. ಇಂಥ ಗಾಡಿಯಲ್ಲಿ ಸ್ವಿಚ್ಚಿಗೆ ಕೈ ಹಾಕುವ ಮೊದಲು ಕಾಲಡಿಯ ಮ್ಯಾಟು ನೋಡಿ. ಒಣಗಿದ ಪ್ಲಾಸ್ಟಿಕ್ಕಿನ ಚೂರು, ಮುರಿದ ಚಕ್ಕುಲಿಯ ಪುಡಿಯ ಹಾಗೆ, ಬಿದ್ದಿದೆಯೇ? ಪೆಡಲಿನ ತೋಳಿನಲ್ಲಿ ಒಂದು ತೂತು ಇರುತ್ತದೆ, ಅದಕ್ಕೆ ಕಡಲೆ ಗಾತ್ರದ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಸ್ಟಾಪರ್ ಸಿಕ್ಕಿಸಿರುತ್ತಾರೆ. ತೋಳು ಒತ್ತುತ್ತದೆ ಅಂದೆನಲ್ಲ, ನಿಜವಾಗಿ ಪಿನ್ನನ್ನು ಮುಟ್ಟಿ ಒತ್ತುವುದು ಆ ಸ್ಟಾಪರ್. ಏಳೆಂಟು ಬೇಸಿಗೆ ಕಂಡ ಮೇಲೆ ಅದು ಪುಡಿಯಾಗಿ ಉದುರುತ್ತದೆ, ಪಿನ್ನು ತೂತಿನೊಳಗೆ ತೂರಿಕೊಂಡು ದೀಪ ಹತ್ತಿಯೇ ಇರುತ್ತದೆ. ಸ್ಟಾಪರ್ ಬೆಲೆ ಏನೇನೂ ಅಲ್ಲ. ಇದನ್ನು ನೋಡದೆ ಎರಡೆರಡು ಸ್ವಿಚ್ಚು ಬದಲಿಸುವವರಿದ್ದಾರೆ, ಸಿಟ್ಟು ಬಾರದೆ ಇನ್ನೇನು?

ಆಟೋಮ್ಯಾಟಿಕ್ ಗಾಡಿಯವರಿಗೆ ಈ ಸ್ವಿಚ್ಚು ಕೆಟ್ಟರೆ ಲಿವರ್ 'ಪಿ'ಯಿಂದ ಕದಲುವುದಿಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಗಾಡಿ ಸ್ಟಾರ್ಟೇ ಆಗದೆ ಹೋಗಬಹುದು. ಕಾಲಿಡದೆಯೇ ವೇಗ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಬ್ರೇಕ್ ಒತ್ತಿದರೂ ಬಿಡದೇ ಇರುವುದು ಎಲ್ಲಕ್ಕಿಂತ ಅಪಾಯ. ಸಣ್ಣ ಸಾಮಾನು ಅಂತ ಅಸಡ್ಡೆ ಮಾಡಬೇಡಿ. 2013ರಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಇದೊಂದು ಸ್ವಿಚ್ಚಿಗಾಗಿ ಹತ್ತು ಲಕ್ಷಕ್ಕೂ ಮೀರಿ ಗಾಡಿಗಳನ್ನು ವಾಪಸು ಕರೆಸಿದ್ದವು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಮುಸುಕಿದಾಗ ಹಿಂದಿನವನಿಗೆ ಕಾಣುವುದು ನಿಮ್ಮ ಆ ಕೆಂಪು ದೀಪ ಒಂದೇ.

ಈಗ ಸ್ವಿಚ್ಚಿನ ಪರೀಕ್ಷೆ. ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಟಾರ್ಚು ಹಿಡಿದು, ಪೆಡಲಿನ ತೋಳನ್ನು ಹಿಡಿದುಕೊಂಡೇ ಮೇಲಕ್ಕೆ ನೋಡುತ್ತಾ ಹೋಗಿ. ತೋಳಿಗೆ ಎದುರಾಗಿ ಹೆಬ್ಬೆರಳಿನಷ್ಟು ದಪ್ಪದ ಸ್ವಿಚ್ಚು, ಅದರ ಬಾಲಕ್ಕೆ ವೈರಿನ ಕಪ್ಲರ್. ಕಪ್ಲರಿನ ನಾಲಗೆ ಒತ್ತಿ ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಒಳಗೆ ಹಸಿರು ಕಿಲುಬು ಕಂಡರೆ ಅದನ್ನೇ ಕೆರೆದು ತೆಗೆದು ಸಿಕ್ಕಿಸಿ ನೋಡಿ, ಮಳೆಗಾಲ ಕಳೆದ ಮೇಲೆ ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಅರ್ಧ ತೊಂದರೆ ಅಲ್ಲೇ ಇರುತ್ತದೆ. ಎರಡೇ ವೈರಿನ ಕಪ್ಲರ್ ಆದರೆ ಒಂದು ತುಂಡು ವೈರಿನಿಂದ ಅದರ ಎರಡೂ ಕಾಲು (ಟರ್ಮಿನಲ್) ಜೋಡಿಸಿ. ಹಿಂದೆ ದೀಪ ಹತ್ತಿದರೆ ವೈರಿಂಗ್, ಬಲ್ಬು, ಫ್ಯೂಸು ಎಲ್ಲ ಸರಿ, ಸ್ವಿಚ್ಚೇ ಕಳ್ಳ. ಹತ್ತದಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು ಒಂದು ಕಾಲಿನಲ್ಲಾದರೂ ಕರೆಂಟು ಬರುತ್ತಿದೆಯೇ ನೋಡಿ. ಬರದಿದ್ದರೆ ಮತ್ತೆ ಫ್ಯೂಸಿನ ಕಡೆಗೆ, ಅಥವಾ ಇಲಿ ಕಡಿದ ವೈರಿನ ಕಡೆಗೆ. ನಾಲ್ಕು ವೈರಿನದಾದರೆ ಹೀಗೆ ಜೋಡಿಸುವ ಧೈರ್ಯ ಬೇಡ, ಅದರಲ್ಲಿ ಎರಡು ಕಂಪ್ಯೂಟರಿಗೆ ಹೋಗಿರುತ್ತವೆ. ಆಗ ಮಲ್ಟಿಮೀಟರ್ ಒಂದೇ ದಾರಿ: ಸ್ವಿಚ್ಚಿನಲ್ಲಿ ದೀಪದ ವೈರು ಸೇರುವ ಎರಡು ಕಾಲುಗಳ ನಡುವೆ, ಪಿನ್ನು ಹೊರಗಿದ್ದಾಗ ಸೊನ್ನೆ ಓಮ್‌ನ ಹತ್ತಿರ, ಒತ್ತಿದಾಗ ಪೂರ್ತಿ ಕಡಿತ. ಒಮ್ಮೆ ತೋರಿಸಿ ಒಮ್ಮೆ ತೋರಿಸದಿದ್ದರೆ ಒಳಗಿನ ಪಾಯಿಂಟು ಸುಟ್ಟಿದೆ. ಸ್ಪ್ರೇ ಹೊಡೆದು ಬದುಕಿಸಲು ಹೋಗಬೇಡಿ, ವಾರದಲ್ಲಿ ಮತ್ತೆ ಅದೇ.

ಬಿಚ್ಚುವುದು ಗೊತ್ತಿದ್ದದ್ದೇ. ಬ್ಯಾಟರಿಯ ಮೈನಸ್ ತೆಗೆಯಿರಿ. ಕಾಲು ಸುತ್ತು ತಿರುಗಿಸಿದರೆ ಹೊರಬರುವ ಜಾತಿ ಬೇರೆ, ಅದರ ಪಿನ್ನನ್ನು ಎಳೆದು ಹೊಂದಿಸುವ ಕ್ರಮ ಗಾಡಿಯ ಪುಸ್ತಕದಲ್ಲಿದ್ದಂತೆಯೇ ಮಾಡಿ. ನಾನು ಹೇಳುತ್ತಿರುವುದು ಮೈಮೇಲೆ ಮರೆ (ತಿರುಪಿನ ಸುತ್ತು) ಇರುವ, ಲಾಕ್ ನಟ್ ಬಿಗಿದ ಜಾತಿ. ಬಹಳ ಗಾಡಿಗಳಲ್ಲಿ 14 ನಂಬರಿನ ಸ್ಪ್ಯಾನರ್ ಸಾಕು.

ಕೂರಿಸುವುದರಲ್ಲೇ ಇರುವುದು ಎಲ್ಲಾ. ಸ್ವಿಚ್ಚಿನ ಮರೆಯ ತುದಿಗೂ ಪೆಡಲಿನ ಸ್ಟಾಪರಿಗೂ ನಡುವೆ ಒಂದು ಚೂರು ಜಾಗ ಇರಲೇಬೇಕು. ಕೆಲವು ಗಾಡಿಗೆ ಅರ್ಧದಿಂದ ಒಂದು ಮಿಲಿಮೀಟರ್, ಕೆಲವಕ್ಕೆ ಒಂದೂವರೆಯಿಂದ ಎರಡು, ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಇದನ್ನು ಅಳೆಯಲು ಅವಧಿ ಮುಗಿದ ಎಟಿಎಂ ಕಾರ್ಡಿಗಿಂತ ಒಳ್ಳೆಯದು ಇಲ್ಲ. ಯಾವ ಬ್ಯಾಂಕಿನದಾದರೂ ಅದರ ದಪ್ಪ 0.76 ಮಿಲಿಮೀಟರ್, ಅಂತರರಾಷ್ಟ್ರೀಯ ಅಳತೆ ಅದು. ಅಂಕಿ ಉಬ್ಬಿರದ ಕಾರ್ಡೇ ಆಗಬೇಕು, ಉಬ್ಬಿದ್ದರೆ ಅಳತೆ ಸುಳ್ಳು. ಉದ್ದಕ್ಕೆ ಸರಿಯಾಗಿ ಎರಡು ಸೀಳು ಮಾಡಿ, ಒಂದೊಂದೂ ಎರಡು ಬೆರಳಗಲ ಬರುತ್ತದೆ. ಸೀಳಿನ ತುದಿಯಲ್ಲಿ ಪೆನ್ಸಿಲ್ ಕೂರುವಷ್ಟು ಅಗಲಕ್ಕೆ, ಲಾಳದ ಆಕಾರದಲ್ಲಿ ಕತ್ತರಿಸಿ. ಆ ಕಚ್ಚು ಪಿನ್ನಿನ ಎರಡೂ ಕಡೆ ಕೂರಬೇಕು, ಇಲ್ಲವಾದರೆ ನೀವು ಅಳೆಯುವುದು ಪಿನ್ನನ್ನು, ಮರೆಯ ತುದಿಯನ್ನಲ್ಲ. ಕತ್ತರಿಸಿದ ಅಂಚಿನ ಸಿಬಿರನ್ನು ಉಗುರಿನ ಅರದಿಂದ ಉಜ್ಜಿ ತೆಗೆಯಿರಿ. ಒಂದು ಸೀಳು ಮುಕ್ಕಾಲು ಮಿಲಿಮೀಟರ್, ಎರಡೂ ಸೇರಿಸಿ ಹಿಡಿದರೆ ಒಂದೂವರೆ. ಒಂದೇ ಕಾರ್ಡಿನಲ್ಲಿ ಎರಡೂ ಜಾತಿಯ ಗಾಡಿಗೆ ಅಳತೆಗೋಲು ಸಿಕ್ಕಿತು.

ಇನ್ನೊಬ್ಬರನ್ನು ಕರೆದು ಪೆಡಲನ್ನು ಕೈಯಿಂದ ತಮ್ಮ ಕಡೆಗೆ ಪೂರ್ತಿ ಎಳೆದು ಹಿಡಿಯಲು ಹೇಳಿ. ಕಚ್ಚನ್ನು ಪಿನ್ನಿನ ಸುತ್ತ ಸೇರಿಸಿ ಸ್ವಿಚ್ಚನ್ನು ಬೆರಳಿನಲ್ಲೇ ತಿರುಪುತ್ತಾ ಬನ್ನಿ. ಸೀಳು ಹಿಡಿದೂ ಹಿಡಿಯದ ಹಾಗೆ ಆದಾಗ ನಿಲ್ಲಿಸಿ. ಎಳೆದರೆ ಬಾಳೆಎಲೆಯಿಂದ ಅಕ್ಕಿ ರೊಟ್ಟಿ ಬಿಡಿಸುವಾಗ ಸಿಗುವಷ್ಟೇ ಎಳೆತ ಸಿಗಬೇಕು. ಹರಿಯುವಷ್ಟು ಬಿಗಿಯೂ ಅಲ್ಲ, ಜಾರಿ ಬೀಳುವಷ್ಟು ಸಡಿಲವೂ ಅಲ್ಲ. ಈಗ ಸ್ವಿಚ್ಚಿನ ಮೈಯನ್ನು ಒಂದು ಕೈಯಲ್ಲಿ ಅಲುಗದ ಹಾಗೆ ಹಿಡಿದು ಲಾಕ್ ನಟ್ ಬಿಗಿ ಮಾಡಿ. ಇಲ್ಲೇ ಎಲ್ಲರೂ ಎಡವುವುದು: ನಟ್ಟಿನ ಜೊತೆ ಸ್ವಿಚ್ಚೂ ಕಾಲು ಸುತ್ತು ತಿರುಗಿ ಅಳತೆ ಕೆಡುತ್ತದೆ. ಬಿಗಿ ಮಾಡಿದ ಮೇಲೆ ಸೀಳನ್ನು ಇನ್ನೊಮ್ಮೆ ತೂರಿಸಿ ನೋಡಲೇಬೇಕು.

ಜಾಗ ಬಿಡದೆ ಸ್ವಿಚ್ಚನ್ನು ಒತ್ತಿ ಕೂರಿಸಿದರೆ ಅದು ಪೆಡಲನ್ನೇ ಒಂದು ಕೂದಲೆಳೆ ಮುಂದಕ್ಕೆ ತಳ್ಳಿ ನಿಲ್ಲಿಸುತ್ತದೆ. ಪೆಡಲಿನ ಒತ್ತನ್ನು ಬ್ರೇಕ್ ಎಣ್ಣೆಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಎಣ್ಣೆ ವಾಪಸಾಗುವ ಸಣ್ಣ ತೂತು ಮುಚ್ಚಿಕೊಂಡಿರುತ್ತದೆ. ಬ್ರೇಕ್ ಬಿಟ್ಟೂ ಬಿಡದ ಹಾಗೆ ಹಿಡಿದು, ಓಡಿಸಿದಷ್ಟೂ ಕಾದು, ಇನ್ನೂ ಹಿಡಿಯುತ್ತದೆ. ಘಟ್ಟ ಇಳಿಯುವಾಗ ಹೀಗಾದರೆ ಎಣ್ಣೆ ಕುದಿದು ಪೆಡಲು ಕೆಳಗೆ ಹೋಗುತ್ತದೆ. ಅತಿ ದೂರ ಕೂರಿಸಿದರೆ ಪಿನ್ನು ಪೂರ್ತಿ ಒಳಗೆ ಹೋಗದೆ ಹಂಪ್ ಹಾರಿದಾಗಲೆಲ್ಲ ದೀಪ ಮಿಣುಕುತ್ತದೆ, ಹಿಂದಿನವನು ಯಾವುದನ್ನು ನಂಬಬೇಕು?

ಕಪ್ಲರ್ ಟಕ್ ಅನ್ನುವವರೆಗೆ ಸೇರಿಸಿ, ಬ್ಯಾಟರಿ ಜೋಡಿಸಿ. ಜೊತೆಗೆ ಯಾರೂ ಇಲ್ಲದಿದ್ದರೆ ಪೆಡಲಿಗೂ ಸೀಟಿಗೂ ನಡುವೆ ಮಡಚಿದ ಕೊಡೆ ಕೊಟ್ಟು ಹಿಂದೆ ಹೋಗಿ ನೋಡಿ, ಮೂರೂ ದೀಪ ಹತ್ತಿರಬೇಕು. ಆಮೇಲೆ ಕೊಡೆ ತೆಗೆದು, ಕತ್ತಲಾದ ಮೇಲೆ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ, ಪೆಡಲನ್ನು ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಾ ಕನ್ನಡಿಯಲ್ಲಿ ಗೋಡೆ ನೋಡಿ. ಬ್ರೇಕ್ ಹಿಡಿಯುವುದಕ್ಕೆ ಮೊದಲೇ ಗೋಡೆ ಕೆಂಪಾಗಬೇಕು. ಮಾರನೇ ದಿನ ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಯಾವುದರ ಬಿಸಿಯಾದರೂ ಅಂಗೈಗೆ ರಾಚಿದರೆ ಕಾರ್ಡಿನ ಸೀಳು ಎತ್ತಿಕೊಂಡು ಮತ್ತೆ ಪೆಡಲಿನ ಕೆಳಗೆ ಹೋಗಿ. ಸೀಳನ್ನು ಎಸೆಯಬೇಡಿ, ಗಾಡಿಯ ಕಾಗದಪತ್ರದ ಜೊತೆ ಗ್ಲವ್ ಬಾಕ್ಸಿನಲ್ಲೇ ಇಡಿ.