ಜನವರಿಯಲ್ಲಲ್ಲ, ಪುಷ್ಯ ಮಳೆಯಲ್ಲಿ ಬಂದು ಮನೆ ನೋಡಿ

ಹೋದ ಜನವರಿಯಲ್ಲಿ ತಮ್ಮನ ಮಗಳು ಗಂಡನ ಜೊತೆ ಮಲೆನಾಡಿನ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕೊಯ್ಲಿನ ಸಮಯ. ಕಣದ ತುಂಬ ಹಣ್ಣು ಹರವಿದ್ದೆವು. ಬೆಳಗ್ಗೆ ಮಂಜು, ಹತ್ತು ಗಂಟೆಗೆ ಹಿತವಾದ ಬಿಸಿಲು, ರಾತ್ರಿ ಬಚ್ಚಲ ಒಲೆಯ ಮುಂದೆ ಕೂತು ಮಾತು. ಮೂರನೇ ದಿನ ಹೊರಡುವಾಗ, "ಅತ್ತೆ, ನಾವೂ ಬೆಂಗಳೂರು ಬಿಟ್ಟು ಬಂದುಬಿಡ್ತೀವಿ. ಮೂಡಿಗೆರೆ ಹತ್ರ ಒಂದು ಹಳೇ ಮನೆ ನೋಡಿದ್ದೀವಿ. ಎರಡೆಕರೆ ತೋಟಾನೂ ಇದೆ" ಅಂದಳು.

"ಬಾ ಪುಟ್ಟಿ, ಖಂಡಿತ ಬಾ. ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಜುಲೈ ಕೊನೆಗೆ, ಪುಷ್ಯ ಮಳೆ ಹೊಯ್ಯೋವಾಗ ಬಂದು ಹದಿನೈದು ದಿನ ಇದ್ದು ಹೋಗು" ಅಂದೆ. ಅವಳ ಮುಖ ಸಪ್ಪಗಾಯಿತು. ಅತ್ತೆಗೆ ನಾವು ಬರೋದು ಇಷ್ಟ ಇಲ್ಲ ಅಂದುಕೊಂಡಳೋ ಏನೋ. ಹಾಗಲ್ಲ. ನಾವೂ 2001ರಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಬಂದವರೇ. ಬಂದದ್ದಕ್ಕೆ ಒಂದು ದಿನವೂ ಬೇಸರ ಪಟ್ಟಿಲ್ಲ. ಆದರೆ ಮೊದಲ ಮಳೆಗಾಲದಲ್ಲಿ ನಾನು ಅತ್ತದ್ದು ನಿಜ. ಆಗ ಹೇಳಿಕೊಡುವವರು ಇದ್ದಿದ್ದರೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ಅದಕ್ಕೇ ಇದನ್ನು ಅವಳಿಗೂ, ಅವಳ ಹಾಗೆ ಹೊರಟು ನಿಂತಿರುವ ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಯಾವ ಕಡೆ ಹೋಗುತ್ತೀರಿ ಅನ್ನುವುದು ಸರಿಯಾಗಿ ಗೊತ್ತಿರಲಿ. ಹಾಸನ, ಚಿಕ್ಕಮಗಳೂರು ಅಂದರೆ ಎಲ್ಲ ಒಂದೇ ಅಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಮಲೆನಾಡು. ಅರಸೀಕೆರೆ, ಕಡೂರು ಬಯಲುಸೀಮೆ. ಅದೇ ಜಿಲ್ಲೆ, ಎರಡು ಗಂಟೆ ದಾರಿ, ಬದುಕೇ ಬೇರೆ. ಅಲ್ಲಿ ತೆಂಗು, ರಾಗಿ, ವರ್ಷವಿಡೀ ಬಿಸಿಲು. ಬಟ್ಟೆ ಒಣಗುವುದೇ ಇಲ್ಲ ಅನ್ನುವ ಚಿಂತೆ ಇಲ್ಲ. ಆದರೆ ಕೊಳವೆಬಾವಿ ಬತ್ತಿದರೆ ನೀರಿಗೆ ಪರದಾಡಬೇಕು. ಇಲ್ಲಿ ನೀರಿಗೆ ಅಷ್ಟು ಚಿಂತೆ ಇಲ್ಲ, ಬಿಸಿಲಿಗೇ ಕಾಯಬೇಕು. ಮೈಗೆ ಯಾವುದು ಒಗ್ಗುತ್ತದೆ ನೋಡಿಕೊಳ್ಳಿ. ಮಂಡಿನೋವು, ಉಬ್ಬಸ ಇರುವ ಹಿರಿಯರು ಜೊತೆಗಿದ್ದರೆ ಬಯಲುಸೀಮೆಯೇ ವಾಸಿ. ನನಗೆ ಗೊತ್ತಿರುವುದು ಮಲೆನಾಡಿನ ಮನೆ. ಹಾಗಾಗಿ ಅದನ್ನೇ ಹೇಳುತ್ತೇನೆ.

ಮನೆ ನೋಡಲು ಹೋದಾಗ ಎಲ್ಲರೂ ಮುಂದಿನ ಜಗಲಿ ನೋಡುತ್ತಾರೆ. ನೀವು ಹಿಂದೆ ಹೋಗಿ. ಮನೆ ಹಿಂದಿನ ಧರೆ ನೋಡಿ. ಗುಡ್ಡ ಕಡಿದು ಮನೆ ಕಟ್ಟಿದ ಕಡೆ ಮಣ್ಣಿನ ಗೋಡೆ ಹಾಗೆ ನಿಂತಿರುತ್ತದಲ್ಲ, ಅದೇ ಧರೆ. ಅದು ಗೋಡೆಗೆ ತೀರಾ ಹತ್ತಿರ ಇದ್ದರೆ, ಅದರ ಮೇಲೆ ಬಿರುಕು ಕಂಡರೆ, ಮೇಲಿನ ಮರಗಳು ಈ ಕಡೆ ವಾಲಿದ್ದರೆ ಆ ಮನೆ ಬೇಡ. ಎಷ್ಟೇ ಚೆಂದ ಇದ್ದರೂ ಬೇಡ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆ, ತೋಟ ಕೊಚ್ಚಿ ಹೋದದ್ದನ್ನು ಹತ್ತಿರದಿಂದ ನೋಡಿದ್ದೇವೆ. ಆಮೇಲೆ ನಾನು ಯಾರ ಮನೆಗೆ ಹೋದರೂ ಮೊದಲು ಹಿತ್ತಲಿಗೆ ಹೋಗಿ ಧರೆ ನೋಡಿ ಬರುತ್ತೇನೆ. ಧರೆಗೂ ಮನೆಗೂ ನಡುವೆ ಆಳವಾದ ಚರಂಡಿ ಇರಬೇಕು. ಮೇ ತಿಂಗಳಲ್ಲಿ ಅದರ ಎಲೆ, ಮಣ್ಣು ತೆಗೆಸಬೇಕು. ಪ್ರತಿ ವರ್ಷ.

ಕಾಗದಪತ್ರದ ವಿಷಯ ನನಗಿಂತ ವಕೀಲರಿಗೆ ಚೆನ್ನಾಗಿ ಗೊತ್ತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪಹಣಿ, ಅಂದರೆ ಜಮೀನಿನ ದಾಖಲೆ, ಯಾರ ಹೆಸರಲ್ಲಿದೆ, ಪೋಡಿ ಆಗಿದೆಯಾ, ಅಂದರೆ ಅಳತೆ ಮಾಡಿ ಪ್ರತ್ಯೇಕ ಮಾಡಿದ್ದಾರಾ ಅಂತ ನೋಡಲೇಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಅದಕ್ಕೆ 1978ರ ಕಾಯ್ದೆಯೇ ಇದೆ. ಇನ್ನೊಂದು, ಮನೆಗೆ ಹೋಗುವ ದಾರಿ. ಅದು ಪಕ್ಕದವರ ತೋಟದೊಳಗೆ ಹಾದು ಬರುತ್ತಿದ್ದರೆ ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. "ಇಷ್ಟು ವರ್ಷದಿಂದ ಓಡಾಡ್ತಾ ಇದೀವಿ, ಏನೂ ಆಗಲ್ಲ" ಅಂತ ಬಾಯಿಮಾತಲ್ಲಿ ಬಿಡಬೇಡಿ. ಬೆಂಗಳೂರಿನ ಸೈಟನ್ನೂ ಈಗಲೇ ಮಾರಬೇಡಿ. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಯೋಚನೆ ಮಾಡಿ.

ಈಗ ಮನೆಯೊಳಗಿನ ಮಾತಿಗೆ ಬರೋಣ.

ಪೇಟೆಯಲ್ಲಿ ಬೇಕಾದಾಗ ತರುತ್ತೇವೆ. ಇಲ್ಲಿ ಬೇಕಾಗುವ ಮೊದಲೇ ಮಾಡಿಟ್ಟಿರಬೇಕು. ನಮ್ಮ ಕಡೆ ಜೂನ್ ಮೊದಲ ವಾರ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಕೆಲಸ ಮುಗಿದಿರಬೇಕು. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಆಗಸ್ಟ್ ನಡುವಿನವರೆಗೂ ಒಂದಾದ ಮೇಲೊಂದು ಹೊಯ್ಯುತ್ತಲೇ ಇರುತ್ತದೆ. ಆ ದಿನಗಳಲ್ಲಿ ಹೊರಗೆ ಹೋಗಿ ಏನೂ ಮಾಡಲಾಗದು.

ಏಪ್ರಿಲ್‌ನಲ್ಲಿ ಹೆಂಚು ಕೈಯಾಡಿಸಿ. ಅಂದರೆ ಇಳಿಸಿ, ಕಸ ಗುಡಿಸಿ, ಒಡೆದದ್ದು ಬದಲಿಸಿ ಮತ್ತೆ ಹೊದಿಸುವುದು. ಮಂಗ ಓಡಾಡುವ ಮನೆಯಾದರೆ ಐವತ್ತು ಹೆಂಚು ಹೆಚ್ಚಿಗೆ ಇರಲಿ. ನಾವು ಬಂದ ಹೊಸದರಲ್ಲಿ ಒಬ್ಬ ಗುತ್ತಿಗೆದಾರರ ಮಾತು ಕೇಳಿ ಅಡುಗೆಮನೆಗೆ ಮಟ್ಟಸ ತಾರಸಿ ಹಾಕಿಸಿದೆವು. ಎರಡೇ ಮಳೆಗಾಲಕ್ಕೆ ಸೋರಲು ಶುರುವಾಯಿತು. ಒಲೆ ಪಕ್ಕ ಬಕೆಟ್ ಇಟ್ಟು ಅಡುಗೆ ಮಾಡಿದ್ದೇನೆ. ಕೊನೆಗೆ ಅದರ ಮೇಲೆ ಇಳಿಜಾರು ಮಾಡು, ಅಂದರೆ ಛಾವಣಿ, ಕಟ್ಟಿಸಿದೆವು. ಈ ಮಳೆಗೆ ಇಳಿಜಾರು ಮಾಡೇ ಸರಿ.

ಸೌದೆ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರು ಇದರಲ್ಲೇ ಸೋಲುತ್ತಾರೆ. ಛಾವಣಿ ಮೇಲೆ ಸೋಲಾರ್ ಇದೆಯಲ್ಲ ಅನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಬೇಡಿ. ಕರೆಂಟು ಮೂರು ನಾಲ್ಕು ದಿನ ಇಲ್ಲದೇ ಇರುವುದೂ ಉಂಟು. ಆಗ ಬಚ್ಚಲ ಒಲೆ, ಹಂಡೆ ಇದ್ದವರೇ ಜಾಣರು. ಮಳೆ ಹಿಡಿಯುವ ಮೊದಲು ತೋಟದಲ್ಲಿ ಮರಗಸಿ ಮಾಡುತ್ತಾರೆ. ಕಾಫಿಗೆ ನೆರಳು ಕಡಿಮೆ ಆಗಲೆಂದು ಕೊಂಬೆ ಸವರುವುದು. ಆ ಕೊಂಬೆ ಹಸಿಯಾಗಿರುತ್ತದೆ. ಅದು ಈ ವರ್ಷದ ಸೌದೆ ಅಲ್ಲ, ಬರುವ ವರ್ಷದ್ದು. ಈ ವರ್ಷಕ್ಕೆ ಹಿಂದಿನ ವರ್ಷದ್ದೇ ಬೇಕು. ಎರಡು ತುಂಡು ಒಂದಕ್ಕೊಂದು ತಟ್ಟಿ ನೋಡಿ. ಟಣ್ ಅಂದರೆ ಒಣಗಿದೆ, ಡಬ್ ಅಂದರೆ ಹಸಿ. ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಒಟ್ಟಿ. ಮನೆ ಗೋಡೆಗೆ ಒರಗಿಸಿ ಒಟ್ಟಬೇಡಿ. ಸೌದೆ ಸಂದಿಗೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಒಲೆ ಹೊತ್ತಿಸಲು ಒಣ ಅಡಿಕೆ ಸಿಪ್ಪೆ, ತೆಂಗಿನ ಗರಿ ಒಂದು ಚೀಲ ಒಳಗೇ ಇರಲಿ. ಬೆಂಕಿಪೊಟ್ಟಣ ಸ್ಟೀಲ್ ಡಬ್ಬಿಯಲ್ಲಿ, ಸ್ವಲ್ಪ ಅಕ್ಕಿಯ ಜೊತೆ ಇಡಿ. ತೇವ ಹಿಡಿಯುವುದಿಲ್ಲ.

ಆ ಒಲೆ ಬರೀ ಸ್ನಾನಕ್ಕಲ್ಲ. ಅದರ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಹೊಗೆ ವಾಸನೆ ಬರುತ್ತದೆ, ಅಭ್ಯಾಸ ಆಗುತ್ತದೆ. ಜೀನ್ಸ್, ದಪ್ಪ ಟವೆಲ್ ಮಳೆಗಾಲಕ್ಕೆ ಕಟ್ಟಿಡಿ. ತೆಳುವಾದ ಪಂಚೆ, ಹತ್ತಿ ಬಟ್ಟೆ ಸಾಕು. ಮಗು ಇರುವ ಮನೆಯಲ್ಲಿ ಮೂರು ಪಟ್ಟು ಬಟ್ಟೆ ಬೇಕು.

ಬೂಷ್ಟು ಇಲ್ಲಿಯ ದೊಡ್ಡ ಶತ್ರು. ಮೊದಲ ವರ್ಷ ನನ್ನ ಮದುವೆ ಸೀರೆಗೆ ಬೂಷ್ಟು ಹಿಡಿದು ಅಂಚೆಲ್ಲ ಚುಕ್ಕೆ ಚುಕ್ಕೆ ಆಯಿತು. ಪೇಟೆಯಲ್ಲಿದ್ದಂತೆ ಬೀರುವನ್ನು ಗೋಡೆಗೆ ಒತ್ತಿ ಇಟ್ಟಿದ್ದೆ. ನಾಲ್ಕು ಬೆರಳಾದರೂ ಜಾಗ ಬಿಡಿ, ಕೆಳಗೆ ಹಲಗೆ ಕೊಡಿ. ರೇಷ್ಮೆ ಸೀರೆಗಳನ್ನು ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಮೇಲಿನ ಅಂತಸ್ತಿನಲ್ಲಿಡಿ. ಮಳೆಯ ನಡುವೆ ಬಿಸಿಲು ಬಿದ್ದ ದಿನ ಬೇರೆ ಕೆಲಸ ಬಿಟ್ಟು ಬೀರು ಬಾಗಿಲು ತೆಗೆದಿಡಿ. ಚರ್ಮದ ಚಪ್ಪಲಿ, ಬೆಲ್ಟು, ಬ್ಯಾಗು ತರಲೇಬೇಡಿ. ಪುಸ್ತಕ ಜಾಸ್ತಿ ಇರುವವರು ಒಲೆ ಇರುವ ಗೋಡೆಯ ಆಚೆ ಬದಿಗೆ ಕಪಾಟು ಇಟ್ಟುಕೊಳ್ಳಿ. ಆ ಗೋಡೆ ಬೆಚ್ಚಗಿರುತ್ತದೆ.

ದಿನಸಿಯನ್ನು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ ತುಂಬಿ. ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿ ಬಿಸಿಲಿಗಿಟ್ಟು, ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಚೀಲದಲ್ಲಿ ಏನೂ ಇಡಬೇಡಿ. ಕಲ್ಲುಪ್ಪು, ಹುಣಸೆಹಣ್ಣು ಜಾಡಿಯಲ್ಲಿ. ಹಪ್ಪಳ, ಸಂಡಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿ. ಹಿಟ್ಟುಗಳನ್ನು ಮಾತ್ರ ವಾರಕ್ಕೆ ಆಗುವಷ್ಟೇ ಬೀಸಿಸಿ. ರಾಗಿ ಕಾಳು ಎಷ್ಟು ದಿನ ಇಟ್ಟರೂ ಕೆಡದು, ಒಂದು ಚೀಲ ಇದ್ದರೆ ಧೈರ್ಯ. ಫ್ರಿಜ್ ನಂಬಿ ವಾರದ ತರಕಾರಿ ತುಂಬುವ ಅಭ್ಯಾಸ ಬಿಡಿ. ಮಳೆಗಾಲಕ್ಕೆ ಮಂಗಳೂರು ಸೌತೆ, ಕುಂಬಳಕಾಯಿ ಅಟ್ಟದಲ್ಲಿ ತೂಗು ಹಾಕಿದರೆ ತಿಂಗಳುಗಟ್ಟಲೆ ಬರುತ್ತವೆ. ಹಿತ್ತಲಲ್ಲಿ ಕೆಸುವಿನ ಸೊಪ್ಪು ಬೇಕಾದಷ್ಟು. ಹುಣಸೆಹುಳಿ ಹಾಕದೆ ಮಾಡಿದರೆ ಗಂಟಲು ಕೆರೆಯುತ್ತದೆ, ನೆನಪಿರಲಿ. ಕಳಲೆ, ಅಂದರೆ ಎಳೆ ಬಿದಿರು, ಸಿಕ್ಕಿದರೆ ಆಸೆಯಿಂದ ಅವತ್ತೇ ಬೇಯಿಸಬೇಡಿ. ಹಸಿ ಕಳಲೆಯಲ್ಲಿ ವಿಷ ಇರುತ್ತದೆ. ಹೆಚ್ಚಿ, ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಪಲ್ಯ. ಬಿಸಿ ಅಕ್ಕಿರೊಟ್ಟಿ ಜೊತೆ ಅದನ್ನು ತಿಂದ ದಿನ, ಬಂದದ್ದು ಸಾರ್ಥಕ ಅನ್ನಿಸುತ್ತದೆ.

ಬಾವಿಯ ಕೆಸರನ್ನು ಬೇಸಿಗೆಯ ಕೊನೆಯಲ್ಲಿ, ನೀರು ತಳ ಸೇರಿದಾಗ ತೆಗೆಸಿ. ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಿ. ದೀಪ ಆರಿದರೆ ಯಾರೂ ಇಳಿಯಕೂಡದು. ಆರದಿದ್ದರೂ ಒಬ್ಬರೇ ಇಳಿಯಬಾರದು, ಮೇಲೆ ಇಬ್ಬರು ಹಗ್ಗ ಹಿಡಿದಿರಬೇಕು. ಕಕ್ಕಸಿನ ಗುಂಡಿ ಬಾವಿಯಿಂದ ಐವತ್ತು ಅಡಿಯಾದರೂ ದೂರ, ಅದೂ ತಗ್ಗಿನ ಕಡೆ ಇರಲಿ. ಮಳೆಗಾಲದಲ್ಲಿ ಬಾವಿ ನೀರು ಕಲಕಿರುತ್ತದೆ, ಕುದಿಸದೆ ಕುಡಿಯಬೇಡಿ.

ಅಂಗಳಕ್ಕೆ ಪಾಚಿ ಕಟ್ಟುತ್ತದೆ. ನಮ್ಮ ಯಜಮಾನರು ಜಾರಿ ಬಿದ್ದು ಎರಡು ತಿಂಗಳು ಮಲಗಿದ್ದರು. ಈಗ ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸುತ್ತೇವೆ. ಬಾವಿಕಟ್ಟೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುತ್ತೇವೆ.

ಹಾವಿಗೆ ಹೆದರಬೇಡಿ, ಆದರೆ ಗೌರವ ಇರಲಿ. ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ಗಮ್‌ಬೂಟನ್ನು ಕೊಡವದೆ ಹಾಕಬಾರದು. ಕಚ್ಚಿದರೆ ಕುಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇಟ್ಟಿರುತ್ತಾರೆ ಅಂತ ಬಂದ ವಾರವೇ ಕೇಳಿಟ್ಟುಕೊಳ್ಳಿ. ಇಂಬಳ, ಅಂದರೆ ಜಿಗಣೆ, ಬರೀ ಕಿರಿಕಿರಿ. ಕಿತ್ತೆಳೆಯಬೇಡಿ, ಉಪ್ಪು ಇಲ್ಲವೇ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆ ಹೋಗುವವರು ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಗ್ಗೆ ಎಚ್ಚರ ಇರಲಿ. ಅದು ಉಣ್ಣೆ ಹುಳ ಕಚ್ಚಿ ಬರುತ್ತದೆ. ಕಾಡಂಚಿಗೆ ಹೋಗಿ ಬಂದರೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಆನೆ ಮಾತು ಬೇರೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಅವು ತೋಟದಲ್ಲೇ ತಿರುಗುತ್ತವೆ. ಮನೆ ಹತ್ತಿರದ ಹಲಸು ಹಣ್ಣಾಗುವ ಮೊದಲೇ ಇಳಿಸಿ. ಬೆಳಗಿನ ಜಾವ, ಮುಸ್ಸಂಜೆ ವಾಕಿಂಗ್ ಹೋಗುವ ಪೇಟೆ ಅಭ್ಯಾಸ ಪೂರ್ತಿ ಬಿಡಿ. ಆನೆ ಎಲ್ಲಿದೆ ಅಂತ ಊರಿನವರು ಫೋನಿನಲ್ಲಿ ಒಬ್ಬರಿಗೊಬ್ಬರು ತಿಳಿಸುತ್ತಾರೆ. ಆ ಸುದ್ದಿ ನಿಮಗೂ ಬರಬೇಕಾದರೆ ಅವರ ಜೊತೆ ನೀವು ಇರಬೇಕು.

ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಬಂದ ಕೂಡಲೇ ಬೇಲಿ ಹಾಕಿ ಗೇಟಿಗೆ ಬೀಗ ಜಡಿಯಬೇಡಿ. ಮೊದಲು ಅಕ್ಕಪಕ್ಕದ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಮದುವೆಗೆ ಕರೆದರೆ ಹೋಗಿ. ಸಾವಿಗೆ ಕರೆಯುವುದಿಲ್ಲ, ಗೊತ್ತಾದ ಕೂಡಲೇ ಹೋಗಬೇಕು. ಆ ಮೊದಲ ಆಶ್ಲೇಷ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿತ್ತು, ಮಗಳಿಗೆ ಜ್ವರ ಸುಡುತ್ತಿತ್ತು. ಲೈಟಿಲ್ಲ, ಫೋನಿಲ್ಲ. ನಾನು ಜಗಲಿಯಲ್ಲಿ ಕೂತು ಅಳುತ್ತಿದ್ದೆ. ಕೆಳಗಿನ ಮನೆಯ ಅಕ್ಕ ಕಂಬಳಿಕೊಪ್ಪೆ ಹಾಕಿಕೊಂಡು ಬಂದು, "ಯಾಕಮ್ಮ, ಒಲೆನೇ ಹಚ್ಚಿಲ್ವಲ್ಲ" ಅಂದರು. ನಮ್ಮ ಸೌದೆ ಎಲ್ಲ ನೆನೆದಿತ್ತು. ಅವರ ಮನೆಯಿಂದ ಒಂದು ಹೊರೆ ತರಿಸಿ ಒಲೆ ಹಚ್ಚಿಕೊಟ್ಟರು. ಅವರ ಮಗ ಗರಗಸ ತಂದು ದಾರಿ ಬಿಡಿಸಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೇ ಮುಗಿಯುವಷ್ಟರಲ್ಲಿ ಎರಡು ಮನೆಗಾಗುವಷ್ಟು ಸೌದೆ ಒಟ್ಟುತ್ತೇವೆ.

ಮೊನ್ನೆ ತಮ್ಮನ ಮಗಳು ಮತ್ತೆ ಫೋನ್ ಮಾಡಿದ್ದಳು. ಜುಲೈ ಕೊನೆಗೆ ಇಬ್ಬರೂ ರಜೆ ಹಾಕಿದ್ದಾರಂತೆ. "ಏನು ತರಲಿ ಅತ್ತೆ?" ಅಂತ ಕೇಳಿದಳು. ಇಬ್ಬರಿಗೂ ಗಮ್‌ಬೂಟು, ಒಂದು ಒಳ್ಳೆ ಟಾರ್ಚು, ನಾಲ್ಕು ಜೊತೆ ತೆಳು ಬಟ್ಟೆ ಸಾಕು ಅಂದೆ. ಅವರು ನೋಡಿರುವ ಮನೆಯ ಹಿಂದಿನ ಧರೆಯನ್ನು ಮಳೆಯಲ್ಲೇ ಹೋಗಿ ನೋಡಿ ಬರೋಣ ಅಂತ ಮಾತಾಗಿದೆ. ಮಿಡಿ ಉಪ್ಪಿನಕಾಯಿ ಜಾಡಿ ಒಂದನ್ನು ಅವರಿಗೆಂದೇ ತೆಗೆದಿಟ್ಟಿದ್ದೇನೆ.